ರೆಗೇ ಹಾಡಿನ ಎರಡನೇ ಚರಣ

ಪರ್ತ್, ಬ್ರಿಸ್ಬೇನ್, ಅಡಿಲೇಡ್. ಊರುಗಳ ಈ ಕ್ರಮ ಸರಿ. ನಾವು ಹಾಡಿಕೊಂಡು ಹೋದದ್ದು ಹೀಗೆಯೇ. ಇದಕ್ಕಿಂತ ಹೆಚ್ಚಿನ ಯಾವ ಕ್ರಮಕ್ಕೂ ನಾನು ಹೊಣೆಯಲ್ಲ. ನೆನಪು ಮಾಡಿಕೊಳ್ಳಲು ಕೂತರೆ ಬ್ರಿಸ್ಬೇನಿನ ಬಿಸಿಲು ಅಡಿಲೇಡಿನ ವೇದಿಕೆಯ ಮೇಲೆ ಬೀಳುತ್ತದೆ. ಪರ್ತಿನಲ್ಲಿ ಆಡಿದ ಮಾತನ್ನು ಬ್ರಿಸ್ಬೇನಿನ ದೋಣಿಯಲ್ಲಿ ಕೂತು ಯಾರೋ ಆಡುತ್ತಾರೆ. ಇಷ್ಟು ಬರೆದು ಹೆಂಡತಿಗೆ ತೋರಿಸಿದೆ.

"ಪೀಠಿಕೆ ಸಾಕು," ಎಂದಳು. "ಆ ತಾತ ನಮ್ಮನೇಗೆ ಊಟಕ್ಕೆ ಬಂದಿದ್ರಲ್ಲ, ಅದನ್ನ ಬರೀರಿ. ಅದಾದ್ರೂ ನಿಜ."

ಅದಾದರೂ ನಿಜ. ಎರಡು ಸಾವಿರದ ಹತ್ತರ ದಶಕದ ನಡುವಿನ ಒಂದು ಬೇಸಿಗೆ. ನಾವು ಪರ್ತಿನ ಈಶಾನ್ಯದ ಎಲೆನ್‌ಬ್ರೂಕ್‌ನಲ್ಲಿದ್ದೆವು. ಅಲ್ಲಿ ಮನೆಗಳೆಲ್ಲ ಒಂದೇ ಅಚ್ಚಿನವು. ಬಂದ ಹೊಸದರಲ್ಲಿ ನಾನು ಬೇರೆಯವರ ಗ್ಯಾರೇಜಿನ ಮುಂದೆ ಕಾರು ನಿಲ್ಲಿಸಿ, ಬಾಗಿಲು ಏಕೆ ತೆರೆಯುತ್ತಿಲ್ಲ ಎಂದು ರಿಮೋಟನ್ನು ಬೈದದ್ದುಂಟು. ನನ್ನದು ಗಣಿ ಕಂಪನಿಯೊಂದಕ್ಕೆ ಸಾಫ್ಟ್‌ವೇರ್ ಬರೆಯುವ ಕೆಲಸ. ಪಕ್ಕದ ಬೀದಿಯಲ್ಲಿದ್ದ, ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೊರಿ ಜನರ ಗೆಳೆಯ ಅದೇ ಗಣಿಯಲ್ಲಿ ಲಾರಿ ಓಡಿಸುತ್ತಿದ್ದ, ರಜೆಯಲ್ಲಿ ಡ್ರಮ್ ಬಾರಿಸುತ್ತಿದ್ದ. ನಮ್ಮ ಗಣೇಶನ ಹಬ್ಬದ ಕಾರ್ಯಕ್ರಮಕ್ಕೆ ಹೆಂಡತಿ ಅವನನ್ನು ಕಡುಬಿನ ಆಸೆ ತೋರಿಸಿ ಕರೆದಿದ್ದಳು. ನಾನು ಕೀಬೋರ್ಡ್ ನುಡಿಸುವುದನ್ನು ಅವನು ಕೇಳಿದ. ಮುಂದಿನ ಶನಿವಾರವೇ ತನ್ನ ಗ್ಯಾರೇಜಿಗೆ ಎಳೆದುಕೊಂಡು ಹೋದ. ಅಲ್ಲಿ ಕೆರಿಬಿಯನ್ ಕಡೆಯ ರೆಗೇ ಸಂಗೀತ ನುಡಿಸುವ ಒಂದು ಬ್ಯಾಂಡ್ ಇತ್ತು, ಕೀಬೋರ್ಡಿನವನಿಲ್ಲದೆ ಸೊರಗಿತ್ತು.

ಊಟಕ್ಕೆ ಬಂದ ಹಿರಿಯರು ರೆಗೇ ಗಾಯಕರು. ಕೆರಿಬಿಯನ್ ದ್ವೀಪವೊಂದರಲ್ಲಿ ಹುಟ್ಟಿ, ಇಂಗ್ಲೆಂಡಿಗೆ ಹೋಗಿ, ಬಿಸ್ಕತ್ತು ಕಾರ್ಖಾನೆಯಲ್ಲಿ ಕೆಲಸ ಮಾಡುತ್ತ ಹಾಡಿ ಮೇಲೆ ಬಂದವರು. ಅವರ ಗೆದ್ದ ಹಾಡುಗಳು ಮೂರು. ಒಂದು, ಕಪ್ಪು ಮನುಷ್ಯನನ್ನು ಕಂಡರೆ ನಿಲ್ಲದೆ ಹೋಗುವ ಬಸ್ಸಿನದು. ಇನ್ನೊಂದು ಪ್ರೇಮದ ಹಾಡು. ಅವರ ಕಡೆ ಮದುವೆಗಳಲ್ಲಿ ಇಂದಿಗೂ ಹಾಕುತ್ತಾರಂತೆ. ಮೂರನೆಯದು ಕಿಟಕಿಯ ಹಾಡು. ಕೆಲಸದಿಂದ ಬಂದವನೊಬ್ಬ ಕಿಟಕಿಯಲ್ಲಿ ಕೂತು, ತಾನು ಬಿಟ್ಟು ಬಂದ ಊರನ್ನು ಎದುರಿನ ಗೋಡೆಯ ಮೇಲೆ ನೋಡುತ್ತಾನೆ. ಅಷ್ಟೇ ಅದರ ಕತೆ. ಅದು ಗೆದ್ದ ರೀತಿಗೆ ಉಳಿದೆರಡು ಹಾಡು ಮಸುಕಾದವು. ಆಮೇಲೆ ಅವರು ಬರೆದದ್ದನ್ನು ಯಾರೂ ಕೇಳಲಿಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಆ ಕಿಟಕಿಯನ್ನೇ ಹೆಗಲ ಮೇಲೆ ಹೊತ್ತು ಊರೂರು ತಿರುಗಿದರು. ಜೊತೆಗೆ ಬ್ಯಾಂಡ್ ಇಲ್ಲ. ಹೋದ ದೇಶದಲ್ಲಿ ಸಿಕ್ಕವರನ್ನು ಸೇರಿಸಿಕೊಂಡು ಹಾಡುವುದು. ಆ ಸಲ ಸಿಕ್ಕವರು ನಾವು.

ಬಿಸಿಬೇಳೆಬಾತನ್ನು ಎರಡು ಸಲ ಹಾಕಿಸಿಕೊಂಡು ತಿಂದರು. ಅವರ ಮಗಳು, ಹೆಚ್ಚು ಕಡಿಮೆ ನನ್ನ ವಯಸ್ಸಿನವರು, ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಬಂದು ನಮ್ಮಿಬ್ಬರಿಗೂ ವಿಷಯ ಹೇಳಿದರು. ಅವರ ಇಂಗ್ಲಿಷ್ ನನಗೆ ಪೂರ್ತಿ ಹಿಡಿತಕ್ಕೆ ಸಿಗುತ್ತಿರಲಿಲ್ಲ. ಇಲ್ಲಿರುವುದು ನನ್ನ ಕನ್ನಡ. ನನ್ನ ಕನ್ನಡದಲ್ಲಿ ಅಪ್ಪ ಮಗಳಿಬ್ಬರೂ ಯಾಕೋ ಮೈಸೂರಿನ ಕಡೆಯವರಂತೆ ಕೇಳಿಸುತ್ತಾರೆ.

"ಈಚೆಗೆ ಅಪ್ಪ ಹಾಡಿನ ನಡುವೆ ದಾರಿ ತಪ್ಪಿಬಿಡ್ತಾರೆ. ಮನೇಲಿ ಎರಡು ಮೂರು ಸಲ ಆಯ್ತು. ನಾನೊಂದು ಮಾತು ಹೇಳಿದೀನಿ: ಜನರ ಮುಂದೆ ಒಂದೇ ಒಂದು ಸಲ ಹಾಗಾದ್ರೂ ಅಲ್ಲಿಂದಲೇ ವಾಪಸ್, ಇನ್ನು ಹಾಡೋದಿಲ್ಲ. ಅವರೂ ಒಪ್ಪಿದಾರೆ. ಇಲ್ಲಿ ಸರಿಹೋದ್ರೆ ಮುಂದೆ ನ್ಯೂಜಿಲೆಂಡ್."

ಊಟದ ಮೇಜಿನಿಂದ ಹಿರಿಯರ ದನಿ ಬಂತು. "ನನ್ನ ವಿಷಯ ತಾನೆ ಹೇಳ್ತಿರೋದು? ಹಾಡೋದು ಬಿಟ್ಟು ಏನ್ಮಾಡ್ಲಿ ನಾನು, ಟೊಮ್ಯಾಟೊ ಬೆಳೀಲಾ?"

"ಬೆಳೀರಿ. ಟೊಮ್ಯಾಟೊಗೆ ಮಾತು ಮರೆತ್ರೂ ನಡೆಯುತ್ತೆ," ಎಂದರು ಮಗಳು. ನಗಲಿಲ್ಲ.

ಈಗ ಎರಡನೇ ಚರಣದ ಬಗ್ಗೆ. ನಾನು ಆ ಕಿಟಕಿ ಹಾಡನ್ನು ಕಲಿತದ್ದು ಮೈಸೂರಿನಲ್ಲಿ, ಕಾಲೇಜಿನ ದಿನಗಳಲ್ಲಿ. ನಮ್ಮ ಬಡಾವಣೆಯ ಒಬ್ಬ ಅಣ್ಣ ಟೈಲರಿಂಗ್ ಅಂಗಡಿ ಇಟ್ಟುಕೊಂಡು ಆರ್ಕೆಸ್ಟ್ರಾ ನಡೆಸುತ್ತಿದ್ದರು. ಗಣೇಶನ ಪೆಂಡಾಲು, ಆಟೋ ಸ್ಟ್ಯಾಂಡಿನ ವಾರ್ಷಿಕೋತ್ಸವ, ಮದುವೆಯ ಆರತಕ್ಷತೆ. ಸಿನಿಮಾ ಹಾಡುಗಳ ನಡುವೆ ಕಾಲೇಜು ಹುಡುಗರಿಗೆಂದು ಒಂದು 'ಇಂಗ್ಲಿಷ್ ಐಟಂ' ಇರುತ್ತಿತ್ತು. ಗಲ್ಫಿನಿಂದ ಬಂದ ಯಾರದೋ ಕ್ಯಾಸೆಟ್ಟಿನಿಂದ ಅಣ್ಣ ಇದನ್ನು ಆರಿಸಿದ್ದರು. ನಾನು ಸೇರುವ ಹೊತ್ತಿಗೆ ಹಾಡು ತಯಾರಾಗಿತ್ತು. ಕ್ಯಾಸೆಟ್ಟನ್ನು ನಾನು ಕೇಳಲೇ ಇಲ್ಲ. ತಾಳದ ಪೆಟ್ಟು ಬಿದ್ದ ಮೇಲಿನ ಖಾಲಿ ಜಾಗದಲ್ಲಿ ಕೀಬೋರ್ಡನ್ನು ಒತ್ತಬೇಕು ಎಂದು ಅಣ್ಣ ಕತ್ತರಿಯನ್ನು ಮೇಜಿಗೆ ಕುಟ್ಟಿ ಹೇಳಿಕೊಟ್ಟರು. ಪಲ್ಲವಿ, ಚರಣ, ಪಲ್ಲವಿ, ಎರಡನೇ ಚರಣ, ಕೊನೆಗೆ ಪಲ್ಲವಿ. ಎಲ್ಲ ಹಾಡುಗಳೂ ಹಾಗೆಯೇ ಇರುತ್ತಿದ್ದವು, ಇದೂ ಹಾಗೆಯೇ ಇತ್ತು. ಎರಡನೇ ಚರಣದಲ್ಲಿ ವಾದ್ಯಗಳೆಲ್ಲ ತಗ್ಗಿ, ನದಿ ಹೋಗುತ್ತಿದೆ, ದೀಪ ಹೋಗುತ್ತಿದೆ, ಬಾಗಿಲಲ್ಲಿ ನಿಂತ ತಾಯಿ ಹೆಸರು ಹಿಡಿದು ಕರೆಯುತ್ತಿದ್ದಾಳೆ ಎಂಬ ಸಾಲುಗಳು ಸರಳವಾದ ಇಂಗ್ಲಿಷಿನಲ್ಲಿ ಬರುತ್ತಿದ್ದವು. ನನಗೆ ಹಾಡಿನಲ್ಲಿ ಎಲ್ಲಕ್ಕಿಂತ ಇಷ್ಟವಾದ ಭಾಗ ಅದು.

ಆಸ್ಟ್ರೇಲಿಯಕ್ಕೆ ಬಂದ ಮೇಲೆ ಇಂಟರ್ನೆಟ್ಟಿನಲ್ಲಿ ಹಾಡು ಸಿಕ್ಕಿತು. ಎರಡನೇ ಸಲ ಪಲ್ಲವಿ ಬಂದು, ಅದನ್ನೇ ಮತ್ತೆ ಮತ್ತೆ ಹೇಳುತ್ತ, ದನಿ ಸಣ್ಣಗಾಗುತ್ತ ಕರಗಿಹೋಗುತ್ತದೆ. ರೇಡಿಯೋಗೆಂದು ಕತ್ತರಿಸಿದ ರೂಪ ಇರಬೇಕು ಎಂದುಕೊಂಡೆ. ಗ್ಯಾರೇಜಿನಲ್ಲಿ ಡ್ರಮ್ಮರ್ ಗೆಳೆಯ, "ಈ ಭಾಗ ಕೇಳೇ ಇಲ್ಲ ನಾನು," ಎಂದ. "ಪೂರ್ತಿ ಹಾಡು ನನಗೆ ಗೊತ್ತು," ಎಂದೆ. ಎಷ್ಟು ಸಮಾಧಾನವಾಗಿ ಹೇಳಿದ್ದೆನೆಂದರೆ ಅವನು ಮತ್ತೆ ಕೇಳಲಿಲ್ಲ. ನಾವು ಪೂರ್ತಿ ಹಾಡನ್ನೇ ಅಭ್ಯಾಸ ಮಾಡಿದೆವು.

ಪರ್ತಿನ ಕಾರ್ಯಕ್ರಮ ಸ್ವಾನ್ ವ್ಯಾಲಿಯ ಒಂದು ದ್ರಾಕ್ಷಿತೋಟದ ಹುಲ್ಲುಹಾಸಿನ ಮೇಲೆ, ಭಾನುವಾರ ಮಧ್ಯಾಹ್ನ. ಇಲ್ಲಿಯವರ ಬಾಯಲ್ಲಿ ಆರ್ವೊ. ಧ್ವನಿ ಪರೀಕ್ಷೆಗೆ ಸಮಯ ಸಾಲದೆ ಕಿಟಕಿ ಹಾಡಿನ ಪಲ್ಲವಿಯನ್ನಷ್ಟೇ ಹಾಡಿ ನೋಡಿದ್ದರು. ಬಸ್ಸಿನ ಹಾಡು ಆಯಿತು, ಮದುವೆಯ ಹಾಡು ಆಯಿತು. ಅವರ ಕಂಠದಲ್ಲಿ ಮೇಲಿನ ಸ್ವರಗಳು ಸವೆದಿದ್ದವು. ಆದರೆ ಸವೆದ ಜಾಗಕ್ಕೆ ಬಂದಾಗ ಅವರು ಹಾಡದೆ ಮಾತಾಡಿಬಿಡುತ್ತಿದ್ದರು, ಅದು ಇನ್ನೂ ಚೆನ್ನಾಗಿತ್ತು. ಕೊನೆಗೆ ಕಿಟಕಿ. ಜನ ಎದ್ದು ನಿಂತರು. ಎರಡನೇ ಪಲ್ಲವಿ ಮುಗಿಯಿತು. ಅವರು ಮತ್ತೆ ಪಲ್ಲವಿ ಎತ್ತಲು ಬಾಯಿ ತೆರೆದರು. ನಾವು ಒಟ್ಟಿಗೆ ತಗ್ಗಿ ಎರಡನೇ ಚರಣಕ್ಕೆ ಇಳಿದೆವು.

ಅವರು ಹಾಡಲಿಲ್ಲ. ತೆರೆದ ಬಾಯಿ ಮುಚ್ಚಿಕೊಂಡರು. ನನ್ನ ಕಡೆ ತಿರುಗಿದರು. ಆ ಮುಖ ನನಗೆ ಈಗ ಎರಡು ಬಗೆಯಲ್ಲಿ ಕಾಣುತ್ತದೆ: ಒಮ್ಮೆ, ಗೊತ್ತಿರುವುದು ಕೈಗೆ ಸಿಗದೆ ಹುಡುಕುವವನ ಮುಖ, ಇನ್ನೊಮ್ಮೆ, ಬಸ್ಸು ತನ್ನ ಸ್ಟಾಪಿನಲ್ಲಿ ನಿಲ್ಲದೆ ನೇರ ಹೋದಾಗಿನ ಪ್ರಯಾಣಿಕನ ಮುಖ. ಅಂದು ಕಂಡದ್ದು ಯಾವುದು ಎಂದು ಕೇಳಿದರೆ ಹೇಳಲಾರೆ. ಚರಣದುದ್ದಕ್ಕೂ ಬರಿಯ ವಾದ್ಯ. ಅವರು ಒಂದು ಹೆಜ್ಜೆ ಹಿಂದೆ ಸರಿದು ಭುಜ ಕುಣಿಸಿದರು. ಪಲ್ಲವಿ ಬಂದಾಗ ಸೇರಿಕೊಂಡರು. ಜನರಿಗೆ ಏನೂ ಗೊತ್ತಾಗಲಿಲ್ಲ. ವೇದಿಕೆಯ ಮಗ್ಗುಲಲ್ಲಿ ಮಗಳು ಎರಡೂ ಕೈಯನ್ನು ತಲೆಯ ಮೇಲಿಟ್ಟುಕೊಂಡಿದ್ದರು.

"ನಾನು ಆಗಲೇ ಹೇಳ್ದೆ," ಎನ್ನುತ್ತಾಳೆ ಹೆಂಡತಿ, ಅವಳು ಆ ದಿನ ಹುಲ್ಲುಹಾಸಿನ ಮೇಲೆ ಕೂತಿದ್ದಳು. "ಅವ್ರು ಮರ್ತಿಲ್ಲ, ನಿಮ್ದೇ ಏನೋ ಎಡವಟ್ಟು ಅಂತ."

ಹೇಳಿದ ನೆನಪು ನನಗಿಲ್ಲ.

ಮಗಳು ಬಂದು, "ನೀವು ಅಲ್ಲಿ ಹಾಡಬೇಕಿತ್ತು, ಅಲ್ವಾ?" ಎಂದು ಅಪ್ಪನನ್ನು ಕೇಳಿದರು. ಹಿರಿಯರು ನೀರು ಕುಡಿಯುತ್ತ ನನ್ನನ್ನು ನೋಡಿದರು. ಮಗಳು ನನ್ನನ್ನು ಕೇಳಿದರು. ಅಲ್ಲೊಂದು ಚರಣ ಇದೆ ಎಂದೆ. ಇದ್ದದ್ದನ್ನು ಇದೆ ಎನ್ನದೆ ಇನ್ನೇನು ಹೇಳುವುದು? ಆಕೆ ಚಿಕ್ಕಂದಿನಿಂದ ಅಮ್ಮನ ಜೊತೆ ಬೇರೆ ಊರಿನಲ್ಲಿ ಬೆಳೆದವರು. ಅಪ್ಪನ ಹಾಡು ಅವರಿಗೂ ಗ್ರಾಮಫೋನ್ ಪ್ಲೇಟಿನಲ್ಲಿದ್ದಷ್ಟೇ ಗೊತ್ತು. ವೇದಿಕೆಯ ಮೇಲೆ ಎಷ್ಟು ಹಾಡುತ್ತಿದ್ದರೋ ಗೊತ್ತಿಲ್ಲ.

"ಹಾಗಾದ್ರೆ ಮುಗೀತು," ಎಂದರು. "ಬ್ರಿಸ್ಬೇನ್ ಬೇಡ."

ಹಿರಿಯರು ನೀರಿನ ಬಾಟಲಿಯ ಮುಚ್ಚಳವನ್ನು ತಿರುಗಿಸುತ್ತಲೇ ಇದ್ದರು. ಅದು ನನ್ನನ್ನು ಕಂಗೆಡಿಸಿತು. ವಾದಿಸುತ್ತಾರೆ, ಟೊಮ್ಯಾಟೊ ಮಾತು ತೆಗೆಯುತ್ತಾರೆ ಎಂದುಕೊಂಡಿದ್ದೆ. ಬಾಟಲಿಯ ಮುಚ್ಚಳವನ್ನು ತಿರುಗಿಸುತ್ತಲೇ ಇದ್ದರು. ಆಗ ನಾನು ಬಾಯಿ ಹಾಕಿದೆ. ಎಷ್ಟೋ ವರ್ಷಗಳಿಂದ ಹಾಡದೆ ಇದ್ದ ಚರಣ ಇರಬಹುದು, ನನಗೆ ಪೂರ್ತಿ ಬರುತ್ತದೆ, ನೆನಪಿಸಿಕೊಡುತ್ತೇನೆ, ಇನ್ನೊಂದು ಊರು ನೋಡಿ ತೀರ್ಮಾನಿಸಿ ಎಂದೆ. ಮಗಳು ಬಹಳ ಹೊತ್ತು ಯೋಚಿಸಿ ಒಪ್ಪಿದರು. ಒಂದು ಊರು ಮಾತ್ರ.

ಬ್ರಿಸ್ಬೇನಿನ ಹೋಟೆಲಿನಲ್ಲಿ ಬೆಳಿಗ್ಗೆ, ಹಾಸಿಗೆಯ ಮೇಲೆ ಚಿಕ್ಕ ಕೀಬೋರ್ಡ್ ಇಟ್ಟುಕೊಂಡು ಅವರಿಗೆ ಅವರದೇ ಹಾಡಿನ ಎರಡನೇ ಚರಣ ಹೇಳಿಕೊಟ್ಟೆ. ಈ ವಾಕ್ಯವನ್ನು ಬರೆಯುವಾಗ ಕೈ ಸ್ವಲ್ಪ ನಿಲ್ಲುತ್ತದೆ. ಅಂದು ನಿಂತಿರಲಿಲ್ಲ. ನದಿ, ದೀಪ, ಬಾಗಿಲಲ್ಲಿ ತಾಯಿ. ಕಣ್ಣು ಮುಚ್ಚಿ ಕೇಳಿದರು. ಇನ್ನೊಮ್ಮೆ ಎಂದರು. ಮತ್ತೆ ಹಾಡಿದೆ. ಮಗಳು ಕಿಟಕಿಯ ಹತ್ತಿರ ನಿಂತು ಅಪ್ಪನ ಮುಖವನ್ನೇ ನೋಡುತ್ತಿದ್ದರು.

"ಹೂಂ," ಎಂದರು ಕೊನೆಗೆ. "ಹೌದು. ಬರೆದಿದ್ದೆ."

ಕಾರ್ಯಕ್ರಮ ಇದ್ದದ್ದು ಸೇಂಟ್ ಲೂಸಿಯಾದ ವಿಶ್ವವಿದ್ಯಾಲಯದ ಆವರಣದಲ್ಲಿ. ನದಿಯ ಮೇಲೆ ದೋಣಿಯಲ್ಲಿ ಹೋದೆವು. ಹಿರಿಯರು ಮುಂದಿನ ಸೀಟಿನಲ್ಲಿ ಕೂತು ಗಾಳಿಗೆ ಟೋಪಿ ಹಿಡಿದುಕೊಂಡು ನೀರು ನೋಡುತ್ತಿದ್ದರು. ವೇದಿಕೆಯ ಮೇಲೆ, ಕಿಟಕಿ ಹಾಡಿಗೆ ಮುಂಚೆ, ಜನರಿಗೆ ಒಂದು ಕತೆ ಹೇಳಿದರು. ಹುಡುಗನಾಗಿದ್ದಾಗ ದ್ವೀಪದಿಂದ ಹೊರಟ ಸಂಜೆ, ದೋಣಿ ಬಿಟ್ಟಾಗ ಅಮ್ಮ ಮನೆ ಬಾಗಿಲಲ್ಲಿ ಲಾಟೀನು ಹಿಡಿದು ತನ್ನ ಹೆಸರನ್ನು ಕೂಗುತ್ತಿದ್ದಳು. ದೋಣಿ ದೂರ ಹೋದಂತೆ ದೀಪವೇ ಹೋಗುತ್ತಿರುವಂತೆ ಕಂಡಿತು. ಈ ಹಾಡಿನ ಒಂದು ಚರಣವನ್ನು ಅಲ್ಲೇ ದೋಣಿಯಲ್ಲಿ ಮನಸ್ಸಿನಲ್ಲೇ ಕಟ್ಟಿದೆ, ಎಂದರು. ಹಾಡಿದರು. ಎರಡನೇ ಚರಣ ಬಂದಾಗ ಹುಲ್ಲಿನ ಮೇಲಿದ್ದ ವಿದ್ಯಾರ್ಥಿಗಳು ಮೊಬೈಲುಗಳನ್ನು ಕೆಳಗಿಳಿಸಿದರು. ನಾನು ಇಪ್ಪತ್ತು ವರ್ಷ ಕೇಳಿದ್ದ ಸಾಲುಗಳು ಅವೇ ಎಂದು ಗುರುತು ಹಿಡಿಯಲು ಒಂದು ಕ್ಷಣ ಬೇಕಾಯಿತು. ಮಗಳು ಅಳುತ್ತಿದ್ದರು. ಅಪ್ಪನಿಗೆ ನೆನಪು ಮರಳಿತು ಎಂದು ಅವರೂ ಅಂದುಕೊಂಡರು, ನಾನೂ ಅಂದುಕೊಂಡೆ. ವೇದಿಕೆ ಇಳಿದು ಬಂದ ಅಪ್ಪನನ್ನು ತಬ್ಬಿಕೊಂಡು, "ನ್ಯೂಜಿಲೆಂಡಿಗೆ ಹೋಗೋಣ," ಎಂದರು.

ವೈರು ಸುತ್ತಿಡುತ್ತಿದ್ದಾಗ ಹಾಸನದ ಕಡೆಯ ಒಬ್ಬ ವಿದ್ಯಾರ್ಥಿನಿ ಬಂದಳು. ನಾನು ಫೋನಿನಲ್ಲಿ ಹೆಂಡತಿಯ ಜೊತೆ ಆಡಿದ ಕನ್ನಡ ಕೇಳಿ ಬಂದವಳು.

"ಅಂಕಲ್, ಆ ಸೆಕೆಂಡ್ ವರ್ಸ್ ಸಕ್ಕತ್ತಾಗಿತ್ತು. ಬಟ್ ಅದೊಂದೇ ಬೇರೆ ಥರ ಇದೆ. ನಮ್ಮೂರ್ ಹಾಡ್ ಥರ. ನಮ್ ಭಾವಗೀತೆ ಇರತ್ತಲ್ಲ, ಹಂಗೆ."

"ರೆಗೇ ಅಮ್ಮ ಅದು."

"ಗೊತ್ತು ಅಂಕಲ್. ಆದ್ರೂ."

ಆ 'ಆದ್ರೂ' ನನ್ನನ್ನು ಬಿಡಲಿಲ್ಲ. ಮಾರನೆಯ ಬೆಳಿಗ್ಗೆ ಮೈಸೂರಿನ ಅಣ್ಣನಿಗೆ ಫೋನ್ ಮಾಡಿದೆ. ಅಲ್ಲಿ ಇನ್ನೂ ಹಾಲು ಹಾಕುವ ಹೊತ್ತು.

"ಅಣ್ಣ, ನಮ್ಮ ಇಂಗ್ಲಿಷ್ ಐಟಂ ಇತ್ತಲ್ಲ, ಕಿಟಕಿದು. ಒರಿಜಿನಲ್ ಸಿಂಗರ್ ಜೊತೆ ನುಡಿಸ್ತಿದೀನಿ. ನಿನ್ನೆ ಅವರು ಎರಡನೇ ಚರಣ ಹಾಡಿದ್ರು, ನೀವು ಕೇಳ್ಬೇಕಿತ್ತು."

ಆ ಕಡೆ ಹಾಲಿನ ಪಾತ್ರೆ ಕೆಳಗಿಟ್ಟ ಸದ್ದಾಯಿತು.

"ಎರಡನೇ ಚರಣಾನಾ?" ಎಂದರು ಅಣ್ಣ. "ಅದು ಅವ್ರಿಗೆ ಹೆಂಗೋ ಸಿಕ್ತು? ಅದು ನಾನು ಹಾಕಿದ್ದು ಕಣೋ."

"ಏನ್ ಹಾಕಿದ್ದು?"

"ಕ್ಯಾಸೆಟ್‌ನಲ್ಲಿ ಹಾಡು ಮುಗಿಯೋದೇ ಇಲ್ಲ. ಸಣ್ಣಗಾಗ್ತಾ ಆಗ್ತಾ ಹಂಗೇ ಹೋಗ್ಬಿಡತ್ತೆ. ಪೆಂಡಾಲ್‌ನಲ್ಲಿ ಹಂಗೆ ಹೋಗಕ್ಕಾಗತ್ತಾ? ಮೈಕ್ ಕೆಟ್ಟೋಯ್ತು ಅಂತ ಕಲ್ಲು ಹೊಡೀತಾರೆ. ಅದೂ ಅಲ್ದೆ ಒಂದೇ ಚರಣ ಇರೋ ಹಾಡು ಹಾಡೇನೋ? ಒಂದೇ ಕಾಲಿಗೆ ಚಪ್ಲಿ ಹಾಕ್ಕೊಂಡು ಮೆರವಣಿಗೆಗೆ ಹೋದಂಗೆ."

"ಬಾಗಿಲಲ್ಲಿ ತಾಯಿ ಕರೀತಾಳಲ್ಲ, ಅದು?"

"ನಮ್ಮಮ್ಮ. ಪ್ರಾಕ್ಟೀಸ್ ಮಧ್ಯ ಊಟಕ್ಕೆ ಕರೀತಾನೇ ಇರ್ತಿದ್ಲಲ್ಲ. ನಿಂಗೆ ನೆನಪಿಲ್ವಾ?"

ನೆನಪಿದೆ ಎಂದೆ. ಆದರೆ ನೆನಪಾದ ಮುಖದ ಕೈಯಲ್ಲಿ ಲಾಟೀನಿತ್ತು. ಅಣ್ಣನ ತಾಯಿ ಲಾಟೀನು ಹಿಡಿದದ್ದಿಲ್ಲ. ಅವರ ಮನೆಯಲ್ಲಿ ಟ್ಯೂಬ್‌ಲೈಟ್ ಇತ್ತು. ಹಿರಿಯರಿಂದ ಒಂದು ಮಧ್ಯಾಹ್ನ ಕೇಳಿದ ಕತೆ ಇಪ್ಪತ್ತು ವರ್ಷದ ನೆನಪಿನೊಳಗೆ ಅಷ್ಟು ಬೇಗ ಹೊಕ್ಕಿತ್ತು. ಕ್ಯಾಸೆಟ್ ಇದೆಯೇ ಎಂದು ಕೇಳಿದೆ. ಅದರ ಟೇಪನ್ನು ಎಳೆದು, ಹಕ್ಕಿ ಬೆದರಿಸಲು ಅಮ್ಮನ ಬದನೆ ಗಿಡಗಳಿಗೆ ಕಟ್ಟಿದ್ದಾಯಿತು ಎಂದರು. ಅಣ್ಣ ಉತ್ಪ್ರೇಕ್ಷೆಯ ಮನುಷ್ಯ; ಒಮ್ಮೊಮ್ಮೆ ಬೇರೆಯವರು ಹೊಲಿದ ಸೂಟನ್ನೂ ತನ್ನದೆನ್ನುತ್ತಿದ್ದರು. ಆದರೂ ಈ ಮಾತನ್ನು ನಂಬದೆ ಇರಲಾಗಲಿಲ್ಲ. ಇಂಟರ್ನೆಟ್ಟಿನಲ್ಲಿ ಸಿಕ್ಕ ಹಾಡು ಕತ್ತರಿಸಿದ್ದಲ್ಲ. ಅದೇ ಪೂರ್ತಿ ಹಾಡು.

ಅಂದರೆ ಪರ್ತಿನಲ್ಲಿ ಹಿರಿಯರು ಏನನ್ನೂ ಮರೆತಿರಲಿಲ್ಲ. ಇಷ್ಟು ಅರ್ಥವಾದದ್ದೇ ನನಗೆ ಎಷ್ಟು ಖುಷಿಯಾಯಿತೆಂದರೆ, ಅದರ ಬೆನ್ನಿಗಿದ್ದ ಇನ್ನೊಂದು ವಿಷಯ ಅಡಿಲೇಡ್ ಮುಟ್ಟುವವರೆಗೂ ಹೊಳೆಯಲಿಲ್ಲ.

ಅಡಿಲೇಡಿನಲ್ಲಿ ನಮ್ಮ ಕಾರ್ಯಕ್ರಮ ಬೆಡ್‌ಫರ್ಡ್ ಪಾರ್ಕಿನ ವಿಶ್ವವಿದ್ಯಾಲಯದಲ್ಲಿ, ಗುಡ್ಡದ ಇಳಿಜಾರಿನಲ್ಲಿ. ಕೆಳಗೆ ದೊಡ್ಡ ಆಸ್ಪತ್ರೆ ಕಾಣುತ್ತಿತ್ತು. ವ್ಯಾನಿನಿಂದ ಇಳಿದ ಹಿರಿಯರು ಅದನ್ನು ನೋಡಿ, "ನನ್ನ ಹಾಡಕ್ಕೆ ಕರ್ಕೊಂಡು ಬಂದ್ಯೋ, ಸೇರಿಸಕ್ಕೋ?" ಎಂದು ಮಗಳನ್ನು ರೇಗಿಸಿದರು. ಅವರು ಚಹಾ ತರಲು ಹೋದಾಗ ನಾನು ಮಗಳ ಪಕ್ಕ ಬೆಂಚಿನ ಮೇಲೆ ಕೂತು ಎಲ್ಲ ಹೇಳಿದೆ. ಟೈಲರ್ ಅಣ್ಣ, ಪೆಂಡಾಲು, ಮುಗಿಯದ ಹಾಡಿಗೆ ಮುಕ್ತಾಯ ಬೇಕಾದದ್ದು.

"ಅಂದ್ರೆ ಪರ್ತ್‌ನಲ್ಲಿ ಅಪ್ಪ ದಾರಿ ತಪ್ಪಲಿಲ್ಲ," ಎಂದರು.

"ಇಲ್ಲ. ತಪ್ಪಿದ್ದು ನಾವು."

ಆಕೆ ನಕ್ಕರು. ನಗು ಪೂರ್ತಿ ಆಗುವ ಮೊದಲೇ ನಿಂತುಹೋಯಿತು.

"ಹಾಗಾದ್ರೆ ದೋಣಿ?" ಎಂದರು. "ಲಾಟೀನು? 'ಬರೆದಿದ್ದೆ' ಅಂದ್ರಲ್ಲ ಹೋಟೆಲ್‌ನಲ್ಲಿ?"

ಬೆನ್ನಿಗಿದ್ದ ಆ ಇನ್ನೊಂದು ವಿಷಯ ಇದೇ.

"ಇದ್ದದ್ದು ಮರೆತ್ರೆ ಒಂದು ಥರ. ಇಲ್ಲದ್ದು ನೆನಪಾಗ್ತಿದೆ ಅಂದ್ರೆ? ಇದು ಇನ್ನೂ ಕೆಟ್ಟದ್ದು, ನಿಮಗೆ ಗೊತ್ತಾಗ್ತಿಲ್ವಾ?" ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಇವತ್ತಿನದೇ ಕೊನೆ. ನ್ಯೂಜಿಲೆಂಡ್ ಬೇಡ."

ನಾನು ನಿಜ ಹೇಳಿ ಹಿರಿಯರನ್ನು ಮರೆವಿನ ಆರೋಪದಿಂದ ಬಿಡಿಸಲು ಹೋಗಿದ್ದೆ. ಅದೇ ನಿಜ ಅವರನ್ನು ಇನ್ನೂ ಒಳಗೆ ತಳ್ಳಿತ್ತು.

ಹಿರಿಯರು ಚಹಾದ ಲೋಟಗಳನ್ನು ಹಿಡಿದು ಬಂದರು. ಮಗಳು ಸುತ್ತಿ ಬಳಸದೆ ಕೇಳಿದರು: ಆ ಚರಣ ಇವರ ಊರಿನ ಟೈಲರೊಬ್ಬರು ಬರೆದದ್ದಂತೆ, ನಿಮಗೆ ಗೊತ್ತಿತ್ತೇ?

"ಟೈಲರ್ ಅಂತ ಗೊತ್ತಿರ್ಲಿಲ್ಲ," ಎಂದರು ಅವರು. "ನಾನಲ್ಲ ಅಂತ ಗೊತ್ತಿತ್ತು."

"ಮತ್ತೆ ಯಾಕೆ ಬರೆದಿದ್ದೆ ಅಂದ್ರಿ?"

"ಇನ್ನೇನನ್ನಲಿ? ಅಂಥ ಚರಣ ಇಲ್ಲ ಅಂದಿದ್ರೆ, ನೀನು, ಪಾಪ, ಅದೂ ಮರೆತುಹೋಗಿದೆ ಅಂತಿದ್ದೆ. ನೀವಿಬ್ರೂ ಇದೆ ಅಂತ ಪರ್ತ್‌ನಲ್ಲೇ ತೀರ್ಮಾನ ಮಾಡಿದ್ರಿ. ಇದೆ ಅಂದ್ರೆ ಮಾತ್ರ ನೀನು ನನ್ನನ್ನ ಹಾಡಕ್ಕೆ ಬಿಡ್ತಿದ್ದೆ. ಅದಕ್ಕೆ ಇದೆ ಅಂದೆ."

"ದೋಣಿ?"

"ದೋಣೀಲಿ ಬಂದ್ವಲ್ಲ ಅವತ್ತು. ಸಾಲು ಸಿಕ್ಕಿದ ಮೇಲೆ ಅದಕ್ಕೊಂದು ಕತೆ ಬೇಡ್ವಾ? ನಾಲ್ಕು ದಶಕದಿಂದ ಮಾಡ್ತಿರೋದು ಅದೇ ಕೆಲಸ."

ಮಗಳು ಅವರನ್ನು ದಿಟ್ಟಿಸಿದರು. "ಇದನ್ನೂ ಈಗ ಇಲ್ಲೇ ಕಟ್ಟಿ ಹೇಳ್ತಿಲ್ಲ ಅಂತ ನನಗೆ ಹೇಗೆ ಗೊತ್ತಾಗಬೇಕು?"

ಹಿರಿಯರು ಚಹಾ ಊದಿಕೊಂಡು ಕುಡಿದರು. "ಗೊತ್ತಾಗಲ್ಲ," ಎಂದರು.

ನಾನು ಇಬ್ಬರ ನಡುವೆ ಕೂತಿದ್ದೆ. ಅವರ ಮಾತನ್ನು ನಂಬಿದೆನೇ? ಅಂದು ನಂಬಿದೆ. ವಿಮಾನದಲ್ಲಿ ಪರ್ತಿಗೆ ಮರಳುವಾಗ ನಂಬಲಿಲ್ಲ. ಈಗ ಬರೆಯುವಾಗ ವಾಕ್ಯದ ಮೊದಲಲ್ಲಿ ನಂಬಿ, ಕೊನೆಗೆ ಬಿಡುತ್ತೇನೆ.

ಕಾರ್ಯಕ್ರಮ ಶುರುವಾಯಿತು. ಮಗಳು ವೇದಿಕೆಯ ಮೆಟ್ಟಿಲ ಹತ್ತಿರ ಕೈಕಟ್ಟಿ ನಿಂತಿದ್ದರು. ಕಿಟಕಿ ಹಾಡಿಗೆ ಬಂದೆವು. ಎರಡನೇ ಪಲ್ಲವಿ ಮುಗಿದಾಗ ಹಿರಿಯರು ಕೈಯೆತ್ತಿ ನಮ್ಮನ್ನು ತಗ್ಗಿಸಿ, ಮೈಕಿನಲ್ಲಿ ಜನರಿಗೆ, "ಇಲ್ಲಿಗೆ ನನ್ನ ಹಾಡು ಮುಗೀತು," ಎಂದರು. "ಇನ್ನೊಂದು ಚರಣ ಇದೆ. ಅದು ನಾನು ಬರೆದದ್ದಲ್ಲ. ಈ ಕೀಬೋರ್ಡಿನವರ ಊರಲ್ಲಿ ಬಟ್ಟೆ ಹೊಲಿಯೋರೊಬ್ರು ಬರೆದದ್ದು. ಅದನ್ನ ಇವರೇ ಹಾಡ್ತಾರೆ." ಮೈಕನ್ನು ಸ್ಟ್ಯಾಂಡಿನ ಸಮೇತ ತಂದು ನನ್ನ ಮುಂದೆ ಇಟ್ಟರು.

ನಾನು ಹಾಡುವವನಲ್ಲ. ಆದರೂ ಎತ್ತಿದೆ. ನದಿ ಬಂತು. ದೀಪ ಬಂತು. ಆಮೇಲೆ ಏನೂ ಬರಲಿಲ್ಲ. ಇಪ್ಪತ್ತು ವರ್ಷ ಜೊತೆಗಿದ್ದ ಸಾಲು, ಆ ವಾರವೇ ಇನ್ನೊಬ್ಬರಿಗೆ ಹೇಳಿಕೊಟ್ಟ ಸಾಲು, ಇದ್ದ ಜಾಗದಲ್ಲಿ ಇರಲಿಲ್ಲ. ಬಾಗಿಲಲ್ಲಿ ಯಾರೋ ನಿಂತಿದ್ದಾರೆ ಎಂದಷ್ಟೇ ಗೊತ್ತಿತ್ತು. ಅಣ್ಣನ ತಾಯಿಯೋ, ಲಾಟೀನಿನವರೋ, ಊಟಕ್ಕೆ ಕರೆಯುತ್ತಿದ್ದಾರೋ ದಡಕ್ಕೋ. ಬೆರಳು ತಾನಾಗಿ ಖಾಲಿ ಜಾಗಗಳಲ್ಲಿ ಬೀಳುತ್ತಿತ್ತು. ಜನ ನನ್ನನ್ನೇ ನೋಡುತ್ತಿದ್ದರು.

ಹಿರಿಯರು ನನ್ನ ಭುಜದ ಮೇಲಿಂದ ಮೈಕಿಗೆ ಬಾಗಿದರು. ಬಾಗಿಲಲ್ಲಿ ನಿಂತ ತಾಯಿ ಹೆಸರು ಹಿಡಿದು ಕರೆಯುತ್ತಿದ್ದಾಳೆ. ನಾನು ಬಿಟ್ಟ ಕಡೆಯಿಂದ, ಒಂದು ಮಾತ್ರೆಯೂ ತಡವಾಗದೆ ಹಿಡಿದು, ಚರಣವನ್ನು ಕೊನೆ ಮುಟ್ಟಿಸಿದರು. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ.

ಹೆಂಡತಿ ಇಲ್ಲಿಯವರೆಗೆ ಓದಿ ಕೇಳಿದಳು: "ನಿಜವಾಗ್ಲೂ ಮರೆತ್ರಾ? ಇಲ್ಲ ಬೇಕಂತ ಬಿಟ್ರಾ?"

ಮರೆತೆ ಎಂದೇ ಅನ್ನಿಸುತ್ತದೆ. ಆದರೆ ಆ ಕ್ಷಣದಲ್ಲಿ ಮಗಳು ಮೆಟ್ಟಿಲ ಹತ್ತಿರ ಇದ್ದುದನ್ನು ನಾನು ನೋಡಿದ್ದೆ. ಮರೆಯುವ ಮೊದಲು ನೋಡಿದೆನೋ ಮರೆತ ಮೇಲೆ ನೋಡಿದೆನೋ ಗೊತ್ತಿಲ್ಲ. ಅವಳಿಗೆ ಹೀಗೆಯೇ ಹೇಳಿದೆ. "ನಿಮ್ಮತ್ರ ಒಂದ್ ಪ್ರಶ್ನೆ ಕೇಳಿದ್ರೆ ಮೂರಾಗಿ ವಾಪಸ್ ಬರತ್ತೆ," ಎಂದು ಎದ್ದುಹೋದಳು.

ಸಾಮಾನು ಕಟ್ಟಿ ಪಾರ್ಕಿಂಗಿಗೆ ಬಂದಾಗ ಇನ್ನೂ ಬಿಸಿಲಿತ್ತು. ಡ್ರಮ್ಮರ್ ಗೆಳೆಯ ವ್ಯಾನಿಗೆ ಡ್ರಮ್ಮು ತುಂಬುತ್ತಿದ್ದ. ಮಗಳು ನನ್ನ ಹತ್ತಿರ ಬಂದರು.

"ನೀವು ಮರೆತ್ರಿ. ಅವರು ಮರೀಲಿಲ್ಲ," ಎಂದರು. "ಆ ದೋಣಿ ವಿಷಯ ನನಗಿನ್ನೂ ಗೊತ್ತಾಗಿಲ್ಲ. ಯಾವತ್ತೂ ಗೊತ್ತಾಗಲ್ಲ ಅನ್ಸುತ್ತೆ. ಆದ್ರೆ ಹಾಡಕ್ಕೆ ಇಷ್ಟು ಸಾಕು. ನ್ಯೂಜಿಲೆಂಡಿಗೆ ಹೋಗ್ತೀವಿ. ಆಮೇಲಿಂದು ಆಮೇಲೆ."

ವ್ಯಾನಿನ ಮುಂದಿನ ಸೀಟು ಹತ್ತುತ್ತಿದ್ದ ಹಿರಿಯರು ಅರ್ಧದಲ್ಲಿ ನಿಂತು ನಮ್ಮ ಕಡೆ ತಿರುಗಿದರು. ಗುಡ್ಡವನ್ನೂ ಕೆಳಗಿನ ಆಸ್ಪತ್ರೆಯನ್ನೂ ಒಮ್ಮೆ ನೋಡಿದರು.

"ಅಲ್ಲ, ಇದು ಯಾವೂರು?" ಎಂದರು.

ಊರೂರು ಸುತ್ತಿ ಹಾಡುವವರು ದಿನಾ ಆಡುವ ತಮಾಷೆ ಅದು. ಡ್ರಮ್ಮರ್ ಜೋರಾಗಿ ನಕ್ಕ. ಮಗಳು ನಗಲಿಲ್ಲ; ನಾನು ನಗುತ್ತೇನೋ ಇಲ್ಲವೋ ಎಂದು ನನ್ನ ಮುಖ ನೋಡಿದರು. ನಾನು ನಕ್ಕೆ. ಆಗ ಅವರೂ ನಕ್ಕು, ಅಪ್ಪನ ಬೆನ್ನಿಗೆ ಕೈ ಕೊಟ್ಟು ಸೀಟಿಗೆ ಹತ್ತಿಸಿದರು.